ಮತ್ತೆ ಬರೋಕೆ ಒಂದು ನೆಪ

ಪ್ರೀತಿ ಇಲ್ಲದೆ ಬೇರೆಯಾದವರ ಕಥೆ ಹೇಳೋದು ಸುಲಭ. ಹೋದರು, ಮುಗೀತು. ಆದರೆ ಪ್ರೀತಿ ಇದ್ದೂ ಬಿಟ್ಟು ಹೋಗುವವರು, ಹೋದ ಮೇಲೂ ಇರಲಾರದೆ ಮತ್ತೆ ಬರುವವರು, ಬಂದು ನಾಲ್ಕು ತಿಂಗಳಿಗೆ ಮತ್ತೆ ಪೆಟ್ಟಿಗೆ ಕಟ್ಟುವವರು... ಇವರ ಕಥೆಗೆ ಎಲ್ಲಿ ಚುಕ್ಕಿ ಇಡಬೇಕು ಅಂತ ಅವರಿಗೂ ಗೊತ್ತಿರಲ್ಲ, ನೋಡುವ ನಮಗೂ ಗೊತ್ತಾಗಲ್ಲ.

ಇದನ್ನು ಈಗಿನ ಹುಡುಗ ಹುಡುಗಿಯರ ಕಾಯಿಲೆ ಅಂತ ಹೇಳುವವರು ಬಹಳ ಜನ ಇದ್ದಾರೆ. "ನಮ್ಮ ಕಾಲದಲ್ಲಿ ಹೀಗೆಲ್ಲ ಇರ್ಲಿಲ್ಲಪ್ಪ, ಕಟ್ಟಿಕೊಂಡ್ವಿ, ಬಾಳಿದ್ವಿ" ಅನ್ನೋ ಮಾತು ಕೋಣಂದೂರಿನ ಯಾವ ಮದುವೆ ಮನೆಗೆ ಹೋದರೂ ಕೇಳುತ್ತೆ. ನನಗೆ ಇದರ ಮೇಲೆ ಬಹಳ ದಿನದಿಂದ ಅನುಮಾನ. ಬಿಟ್ಟು ಹೋಗೋದು ಮತ್ತೆ ಬರೋದು ಎರಡೂ ಆಗ ಇತ್ತು. ಆದರೆ ಅದಕ್ಕೆ ಆ ಹೆಸರು ಇರಲಿಲ್ಲ. ಬೇರೆ ಏನೇನೋ ಹೆಸರಿತ್ತು, ಏನೇನೋ ನೆಪ ಇತ್ತು. ಆ ನೆಪಗಳ ಚರಿತ್ರೆಯನ್ನೇ ಒಂದಿಷ್ಟು ಬರೆಯೋಣ ಅನ್ನಿಸ್ತು.

ನಮ್ಮೂರು ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ ಮೊದಲು ದಾರಿ ಹೇಳಿಬಿಡ್ತೀನಿ. ತೀರ್ಥಹಳ್ಳಿ ತಾಲ್ಲೂಕು, ತೀರ್ಥಹಳ್ಳಿ ಪೇಟೆಯಿಂದ ಉತ್ತರಕ್ಕೆ. ಹತ್ತಿರದಲ್ಲೇ ಹುಂಚ. ಪಶ್ಚಿಮಕ್ಕೆ ಹೋದರೆ ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೇ ಬಿದನೂರು. ನೈಋತ್ಯದ ಕಾಡೊಳಗೆ ಕವಲೇದುರ್ಗ. ವಾಯುವ್ಯಕ್ಕೆ, ಸಾಗರದ ಕಡೆ, ಇಕ್ಕೇರಿ ಮತ್ತು ಕೆಳದಿ. ಅಂದರೆ ಕೆಳದಿ ಅರಸರ ಮೂರೂ ರಾಜಧಾನಿಗಳು, ಅವರ ಒಂದು ದೊಡ್ಡ ಕೋಟೆ, ಅವರಿಗಿಂತ ಹಳಬರಾದ ಸಾಂತರ ಅರಸರ ಪಟ್ಟಣ, ಎಲ್ಲವೂ ನಮಗೆ ಬಸ್ಸಿನ ದೂರದಲ್ಲಿ. ಇಷ್ಟು ಅರಸೊತ್ತಿಗೆಗಳ ನಡುವೆ ಗಂಡ ಹೆಂಡಿರ ಕಥೆ ಇಲ್ಲದೆ ಇರುತ್ತಾ?

ಹುಂಚದ ಕಥೆಯಿಂದಲೇ ಶುರು ಮಾಡ್ತೀನಿ, ಅದು ಚಿಕ್ಕದು. ಸಾಂತರ ವಂಶದ ಮೂಲಪುರುಷ ಜಿನದತ್ತರಾಯ ಅಂತ ಐತಿಹ್ಯ. ಅವನ ಅಪ್ಪ ಉತ್ತರ ಮಧುರೆಯ ಅರಸ ಸಾಕಾರ. ಬೇಟೆಗೆ ಹೋದವನು ಬೇಡರ ಹುಡುಗಿಯೊಬ್ಬಳನ್ನು ಮೋಹಿಸಿ ಕರೆತಂದ, ಅವಳ ಮಾತು ಕೇಳಿ ಹಿರಿಯ ರಾಣಿಯ ಮಗನನ್ನೇ ಕೊಲ್ಲಿಸಲು ಹೊರಟ. ತಾಯಿ ಮಗನಿಗೆ ಪದ್ಮಾವತಿ ದೇವಿಯ ವಿಗ್ರಹ ಕೊಟ್ಟು ದಕ್ಷಿಣಕ್ಕೆ ಓಡಿಸಿದಳು. ಅವನು ಬಂದು ನಿಂತ ಜಾಗ ಹೊಂಬುಜ. ಇವತ್ತಿಗೂ ಪದ್ಮಾವತಿ ಬಸದಿಗೆ ಜನ ಬರ್ತಾರೆ. ಈ ಕಥೆಯಲ್ಲಿ ವಾಪಸ್ಸು ಹೋಗೋ ಮಾತೇ ಇಲ್ಲ. ಅಪ್ಪ ಆ ಕಡೆ ಉಳಿದ, ಮಗ ಈ ಕಡೆ ಊರು ಕಟ್ಟಿದ. ಆ ಮನೆಯ ಬಾಗಿಲು ಪೂರ್ತಿ ಹಾಕಿಕೊಂಡಿತು.

ಕೆಳದಿಯ ಕಥೆ ಹಾಗಲ್ಲ. ಅಲ್ಲಿ ಬಾಗಿಲನ್ನು ಒಬ್ಬಳು ಕಡೇ ತನಕ ಹಿಡಿದು ನಿಂತಿದ್ದಳು.

ಚೆನ್ನಮ್ಮಾಜಿಯ ಹೆಸರು ಎಲ್ಲರಿಗೂ ಗೊತ್ತು. ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು 1689ರಲ್ಲಿ ಜಿಂಜಿ ಕಡೆ ಹೋಗುವಾಗ ಆಶ್ರಯ ಕೊಟ್ಟವಳು, ಅದಕ್ಕಾಗಿ ಮೊಗಲರ ಸೈನ್ಯವನ್ನೂ ಎದುರಿಸಿದವಳು ಅಂತ ಶಾಲೆ ಪುಸ್ತಕದಲ್ಲಿ ಓದಿದ್ದೀವಿ. ಚನ್ನಗಿರಿಗೆ ಆ ಹೆಸರು ಬಂದಿದ್ದು ಇವಳಿಂದಲೇ. ಆದರೆ ಅವಳು ಪಟ್ಟಕ್ಕೆ ಬಂದಿದ್ದು ಯಾಕೆ ಅನ್ನೋದನ್ನ ಪಾಠದಲ್ಲಿ ಎರಡು ಸಾಲಲ್ಲಿ ಮುಗಿಸಿಬಿಡ್ತಾರೆ. ನನಗೆ ಬೇಕಾಗಿರೋದು ಆ ಎರಡು ಸಾಲು.

ಸೋಮಶೇಖರ ನಾಯಕ ಶಿವಪ್ಪ ನಾಯಕನ ಮಗ. 'ಶಿವಪ್ಪ ನಾಯಕನ ಶಿಸ್ತು' ಅಂತ ಇವತ್ತಿಗೂ ಹೆಸರಾದ ಭೂಕಂದಾಯದ ವ್ಯವಸ್ಥೆ ಮಾಡಿದ ಆ ಶಿವಪ್ಪ ನಾಯಕನೇ. ಅಪ್ಪ ತೀರಿಕೊಂಡಿದ್ದು 1660ರಲ್ಲಿ. ನಡುವೆ ಇನ್ನಿಬ್ಬರು ಆಳಿ ಹೋದ ಮೇಲೆ 1664ರ ಸುಮಾರಿಗೆ ಸೋಮಶೇಖರ ಬಿದನೂರಿನ ಗದ್ದುಗೆಗೆ ಬಂದ. ಚೆನ್ನಮ್ಮ ಅರಸು ಮನೆತನದವಳಲ್ಲ, ಕೋಟಿಪುರದ ಸಿದ್ದಪ್ಪ ಶೆಟ್ಟಿಯ ಮಗಳು. ರಾಮೇಶ್ವರನ ಜಾತ್ರೆಯಲ್ಲಿ ಅವಳನ್ನು ನೋಡಿ ಮೆಚ್ಚಿ, ಅರಮನೆಯಲ್ಲಿ ಕುಲದ ಮಾತು ಬಂದರೂ ಬಿಡದೆ ಮದುವೆಯಾದ ಅಂತ ಕಥೆ. ಅಂದರೆ ಇದು ಹಿರಿಯರು ಕೂತು ಕೂಡಿಸಿದ ಸಂಬಂಧ ಅಲ್ಲ, ಅವನೇ ಮನಸ್ಸಿಟ್ಟು ಮಾಡಿಕೊಂಡ ಮದುವೆ. ರಾಜ್ಯದ ಕೆಲಸದಲ್ಲೂ ಅವಳ ಮಾತು ಕೇಳುತ್ತಿದ್ದನಂತೆ.

ಆಮೇಲೆ ಕಲಾವತಿ ಬಂದಳು. ಜಂಬುಖಂಡಿಯ ನರ್ತಕಿ. ಅವಳ ಸಾಕುತಂದೆ ಭರಮೆ ಮಾವುತ, ಮಾಟ ಮದ್ದು ಬಲ್ಲವನು ಅಂತ ಹೆಸರಾದವನು. ದಸರೆಯ ಸಭೆಯಲ್ಲಿ ಕಲಾವತಿ ಕುಣಿದಳು, ರಾಜ ಮನಸೋತ, ಅರಮನೆ ಬಿಟ್ಟು ಅವಳ ಮನೆಯಲ್ಲೇ ಇರತೊಡಗಿದ. ಮಾವುತ ಅವನಿಗೆ ಏನೇನೋ ಮದ್ದು ತಿನ್ನಿಸಿದ, ಮೈಗೆ ರೋಗ ಬಂತು, ಬುದ್ಧಿ ಕೆಟ್ಟಿತು. ಮಕ್ಕಳಿಲ್ಲ. ಆ ಕಡೆ ಬಿಜಾಪುರದವರು ಹೊಂಚು ಹಾಕಿದ್ದರು. ಚೆನ್ನಮ್ಮ ತಾನೇ ಆ ಮನೆಗೆ ಹೋಗಿ, ಅರಮನೆಗೆ ಬಾ, ನಮ್ಮ ವೈದ್ಯರ ಔಷಧಿ ತಗೋ ಅಂತ ಬೇಡಿಕೊಂಡಳು, ಅವನು ಬರಲಿಲ್ಲ ಅಂತ ಕಥೆ ಹೇಳುತ್ತೆ.

ಕಡೆಗೆ 1671ರ ಸುಮಾರಿಗೆ ಸೋಮಶೇಖರ ಕೊಲೆಯಾದ. ಬಿಜಾಪುರದ ಸೈನ್ಯ ಬಿದನೂರಿಗೆ ನುಗ್ಗಿತು. ಚೆನ್ನಮ್ಮ ಭುವನಗಿರಿಗೆ, ಅಂದರೆ ನಮ್ಮ ಕವಲೇದುರ್ಗಕ್ಕೆ, ಹೋಗಿ ನಿಂತು ಅಲ್ಲಿಂದಲೇ ರಾಜ್ಯ ಉಳಿಸಿಕೊಂಡಳು. ಬಸಪ್ಪ ಅನ್ನೋ ಹುಡುಗನನ್ನು ದತ್ತು ತಗೊಂಡಳು. ಸುಮಾರು 25 ವರ್ಷ ಆಳಿದಳು.

ಈ ಕಥೆಯನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದು ಒಂದು ಥರ, ಈಗ ಓದಿದರೆ ಕಾಣೋದು ಇನ್ನೊಂದು ಥರ. ಆಗ ನನ್ನ ಸಿಟ್ಟೆಲ್ಲ ಆ ಮಾವುತನ ಮೇಲೆ. ಈಗ ನನ್ನ ಕಣ್ಣು ಹೋಗೋದು ಆ ಮದ್ದಿನ ಮೇಲೆ.

ಯೋಚನೆ ಮಾಡಿ ನೋಡಿ. ಮೆಚ್ಚಿ ಮದುವೆಯಾದ ಹೆಂಡತಿಯನ್ನು ಬಿಟ್ಟು, ಗದ್ದುಗೆ ಬಿಟ್ಟು, ಒಬ್ಬ ಅರಸ ಇನ್ನೊಬ್ಬಳ ಮನೆಯಲ್ಲಿ ಹೋಗಿ ಕೂತ. ಅವನಿಗೇ ಬೇಕಿತ್ತು, ಹೋದ ಅಂತ ಹೇಳಿಬಿಟ್ಟರೆ ಚೆನ್ನಮ್ಮ ಅವನನ್ನು ಕರೆಯೋಕೆ ಹೋಗಿದ್ದಕ್ಕೆ ಅರ್ಥವೇ ಇರಲ್ಲ. ಜನ ನಕ್ಕುಬಿಡ್ತಿದ್ದರು. ಆದರೆ ಅವನ ಹೊಟ್ಟೆಯಲ್ಲಿ ಮದ್ದು ಇತ್ತು ಅಂದುಬಿಟ್ಟರೆ? ಆಗ ಹೋದವನು ಅವನಲ್ಲ, ಮದ್ದು ಅವನನ್ನು ಎಳಕೊಂಡು ಹೋಯ್ತು. ಮದ್ದು ತೆಗೆಸಿದರೆ ಹಳೇ ಗಂಡ ವಾಪಸ್ಸು ಸಿಗ್ತಾನೆ. ಅವಳು ಕಾಯಬಹುದು, ಕರೆಯಬಹುದು, ಮರ್ಯಾದೆಗೆ ಕುಂದಿಲ್ಲ. ಅವನು ಬಂದಿದ್ದರೂ ತಲೆ ತಗ್ಗಿಸಬೇಕಾಗಿರಲಿಲ್ಲ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಅವ್ನಿಗೆ ಯಾರೋ ಮದ್ದು ಹಾಕಿದಾರೆ" ಅನ್ನೋ ಮಾತು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಊಟದಲ್ಲಿ ಹಾಕಿದಾರೆ, ಎಲೆ ಅಡಿಕೆಯಲ್ಲಿ ಕೊಟ್ಟಿದಾರೆ, ಹೊಟ್ಟೆಯಲ್ಲಿ ಗಂಟಾಗಿ ಕೂತಿದೆ. ಅದನ್ನು ತೆಗೆಯೋಕೆ ನಾಟಿ ಔಷಧಿಯವರು. ಗಂಡ ಎರಡು ವರ್ಷ ಮನೆ ಬಿಟ್ಟು ಅಲೆದು ಬಂದರೆ, ಅವನ ಅಮ್ಮ ಮೊದಲು ಮಾಡುತ್ತಿದ್ದ ಕೆಲಸ ಅದೇ, ಕರಕೊಂಡು ಹೋಗಿ ಮದ್ದು ತೆಗೆಸೋದು. ಹೊಟ್ಟೆಯಿಂದ ಏನು ಬಂತೋ ಬಿಡ್ತೋ ದೇವರಿಗೇ ಗೊತ್ತು. ಆದರೆ ಆ ದಿನದಿಂದ ಅವನನ್ನು ಯಾರೂ "ಎಲ್ಲಿಗೆ ಹೋಗಿದ್ದೆ" ಅಂತ ಕೇಳ್ತಿರಲಿಲ್ಲ. ಹೆಂಡತಿಯೂ ಊಟಕ್ಕೆ ಬಡಿಸುತ್ತಿದ್ದಳು. ವೈದ್ಯಶಾಸ್ತ್ರದ ಪ್ರಕಾರ ಇದು ಶುದ್ಧ ಸುಳ್ಳು ಇರಬಹುದು. ಸಂಸಾರದ ಲೆಕ್ಕದಲ್ಲಿ ಮಾತ್ರ ಅದು ಮನೆಯ ಹಿತ್ತಲ ಬಾಗಿಲು. ಅಂಗಳದಲ್ಲಿ ನಾಲ್ಕು ಜನರ ಎದುರು ನಡೆದು ಬರೋಕೆ ನಾಚಿಕೆಯಾದವನು ಹಿತ್ತಲಿಂದ ಒಳಗೆ ಬರಬಹುದಿತ್ತು.

ಮದ್ದು ಗಂಡಸಿನ ನೆಪ. ಹೆಂಗಸಿಗೆ ಇದ್ದ ನೆಪಗಳೇ ಬೇರೆ. ಅವು ಪಂಚಾಂಗದಲ್ಲಿ ಇದ್ದವು.

ಆಷಾಢಕ್ಕೆ ಹೊಸ ಮದುಮಗಳು ತವರಿಗೆ. ಗೌರಿ ಹಬ್ಬಕ್ಕೆ ತವರಿಗೆ. ಬಸುರಿಗೆ ತವರು, ಬಾಣಂತನಕ್ಕೆ ತವರು. ಅಣ್ಣನ ಮದುವೆ, ಅಪ್ಪನ ಹುಷಾರಿಲ್ಲ, ದೇವರ ಕಾರ್ಯ. ಇದರಲ್ಲಿ ಯಾವ ಹೋಗುವಿಕೆ ಬರೀ ಹೋಗುವಿಕೆ, ಯಾವುದು ಸಿಟ್ಟು ಮಾಡಿಕೊಂಡು ಹೋಗಿದ್ದು ಅಂತ ಹೊರಗಿನವರಿಗೆ ತಿಳೀತಾನೇ ಇರಲಿಲ್ಲ. ಗೌರಿ ಹಬ್ಬಕ್ಕೆ ಹೋದವಳು ದೀಪಾವಳಿ ಆದರೂ ಬರಲಿಲ್ಲ ಅಂದರೆ ಅಕ್ಕಪಕ್ಕದವರು ಒಂದು ಸಲ ಹುಬ್ಬು ಹಾರಿಸುತ್ತಿದ್ದರು ಅಷ್ಟೆ. "ಮಳೆ ಬಿಟ್ಟಿಲ್ಲ, ಹೊಳೆ ಇಳಿದಿಲ್ಲ, ಹೇಗೆ ಬರ್ತಾಳೆ?" ಅಂತ ಅತ್ತೆಯೇ ಉತ್ತರ ಹೇಳಿಬಿಡ್ತಿದ್ದಳು. ನಮ್ಮ ಕಡೆ ಮಳೆಗಾಲ ಅನ್ನೋದು ಎಷ್ಟೋ ಮುನಿಸುಗಳನ್ನು ಮುಚ್ಚಿಟ್ಟಿದೆ.

ವಾಪಸ್ಸು ಬರೋಕೂ ಋತು ಇತ್ತು. ಕಾರ್ತೀಕ ಕಳೆದು ಕೊನೆಕೊಯ್ಲು ಶುರುವಾದರೆ ಅಡಿಕೆ ತೋಟ ಇರುವ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಹಗಲೆಲ್ಲ ಕೊಯ್ಲು, ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯೋದು, ಬೆಳಗ್ಗೆ ಹಂಡೆಯಲ್ಲಿ ಬೇಯಿಸೋದು, ಆಮೇಲೆ ಅಟ್ಟದ ಮೇಲೆ ಒಣಗಿಸೋದು. "ಸುಲಿಯೋಕೆ ಜನ ಇಲ್ಲ, ಕಳಿಸಿಕೊಡಿ" ಅಂತ ಗಂಡನ ಮನೆಯಿಂದ ಆಳು ಬಂದರೆ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ತಪ್ಪಾಯ್ತು ಅಂತ ಅವನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕ್ಷಮಿಸಿದೆ ಅಂತ ಅವಳು ಹೇಳಬೇಕಾಗಿಲ್ಲ. ಅಡಿಕೆ ಇಬ್ಬರ ಪರವಾಗಿಯೂ ಮಾತಾಡುತ್ತಿತ್ತು.

ನಮ್ಮ ಕಡೆಯ ಒಂದು ಹಳೇ ಜೋಡಿಯನ್ನು ನಾನು ಬಲ್ಲೆ. ಇಬ್ಬರೂ ಈಗಿಲ್ಲ, ಹೆಸರು ಬೇಡ. ಆ ಅಜ್ಜಿ ತನ್ನ ಸಂಸಾರದಲ್ಲಿ ಏಳೋ ಎಂಟೋ ಸಲ ಹೀಗೆ ತವರಿಗೆ ಹೋಗಿ ತಿಂಗಳುಗಟ್ಟಲೆ ಕೂತು ಬಂದಿದ್ದಳು ಅಂತ ನನಗೆ ಹೇಳಿದ್ದು ನಮ್ಮಮ್ಮ, ಅದೂ ಅಜ್ಜಿ ತೀರಿಕೊಂಡ ಮೇಲೆ. ನಾವು ಮಕ್ಕಳು ನೋಡಿದ್ದು ಬರೀ ಅಜ್ಜ ಅಜ್ಜಿ ಜಗಲಿಯಲ್ಲಿ ಕೂತು ಒಂದೇ ತಟ್ಟೆಯಿಂದ ಎಲೆ ಅಡಿಕೆ ಹಾಕಿಕೊಳ್ಳೋದನ್ನ. ಅಜ್ಜಿ ಹೋದ ಹನ್ನೊಂದನೇ ತಿಂಗಳಿಗೆ ಅಜ್ಜನೂ ಹೋದರು. "ಈ ಸಲ ಕರೆಯೋಕೆ ಅವರೇ ಹೋದರು ನೋಡು" ಅಂದಳು ಅಮ್ಮ. ಆ ಏಳೆಂಟು ಸಲವನ್ನೂ ಊರು 'ಬಾಳಿದ್ವಿ' ಅನ್ನೋ ಒಂದೇ ಪದದಲ್ಲಿ ಸೇರಿಸಿಬಿಟ್ಟಿದೆ. ಅವರೇನೂ ಸುಳ್ಳು ಹೇಳ್ತಿಲ್ಲ. ಬಾಳೋದು ಅಂದರೆ ಅವರಿಗೆ ಹೋಗಿ ಬರೋದೂ ಸೇರಿ.

ಇಷ್ಟು ಬರೆದು ನಿಲ್ಲಿಸಿದರೆ ಹಳೇ ಕಾಲವೇ ಚೆಂದ ಅಂತ ನಾನು ಹೇಳಿದ ಹಾಗಾಗುತ್ತೆ. ಹಾಗಲ್ಲ. ಈ ನೆಪಗಳಿಗೆ ಯಾರೋ ಬೆಲೆ ಕಟ್ಟಲೇಬೇಕಿತ್ತು.

ಮೊದಲನೆಯದಾಗಿ, ಮದ್ದು ಹಾಕಿದವರು ಯಾರು? ಯಾವಾಗಲೂ ಇನ್ನೊಬ್ಬಳು. ಕಲಾವತಿಯ ಕಡೆಯ ಕಥೆ ನಮಗೆ ಯಾರೂ ಹೇಳಿಲ್ಲ. ಕುಣಿಯೋದು ಅವಳ ಕಸುಬು, ಕರೆದಿದ್ದು ಅರಮನೆ, ಬಂದು ಕೂತಿದ್ದು ಅರಸ. ಅರಸನೇ ಬಂದು ಮನೆಯಲ್ಲಿ ಕೂತರೆ ಎದ್ದು ಹೋಗು ಅನ್ನೋಕೆ ಒಬ್ಬ ನರ್ತಕಿಗೆ ಬಾಯಿ ಎಲ್ಲಿತ್ತು? ಸೋಮಶೇಖರನ ಮಾನ ಉಳಿಸೋಕೆ ಕಥೆ ಅವಳ ಮಾನ ತೆಗೆಯಿತು. ಹುಂಚದ ಕಥೆಯಲ್ಲಿ ಬೇಡರ ಹುಡುಗಿ, ಬಿದನೂರಿನ ಕಥೆಯಲ್ಲಿ ನರ್ತಕಿ. ಎರಡೂ ಕಡೆ ಜಾತಿಯಲ್ಲೋ ಕಸುಬಿನಲ್ಲೋ ಕೆಳಗಿದ್ದವಳೇ ವಿಷ. ನಮ್ಮ ಊರುಗಳಲ್ಲೂ ಮದ್ದು ಹಾಕಿದವಳು ಅಂತ ಹೆಸರು ಕೆಡಿಸಿಕೊಂಡವರು ಯಾರು ಅಂತ ನೆನಪು ಮಾಡಿಕೊಂಡರೆ ಇದೇ ಸಾಲು ಮುಂದುವರಿಯುತ್ತೆ.

ಎರಡನೆಯದು, ಹೋಗಿ ಬರುವ ಸೌಕರ್ಯ ಎಲ್ಲರಿಗೂ ಒಂದೇ ಥರ ಇರಲಿಲ್ಲ. ಎಷ್ಟೋ ಸಮುದಾಯಗಳಲ್ಲಿ ಕುಲದ ಹಿರಿಯರು ಕೂತು ಬಿಡುಗಡೆ ಮಾಡಿಸುವ ಪದ್ಧತಿ ಇತ್ತು, ಬಿಟ್ಟವಳಿಗೆ ಕೂಡಿಕೆ, ಉಡಿಕೆ ಅಂತ ಮತ್ತೆ ಮದುವೆಯೂ ಇತ್ತು. ಅಲ್ಲಿ ಬಾಯಿಬಿಟ್ಟು ಮಾತಾಡೋಕೆ ಒಂದು ಜಾಗ ಇತ್ತು. ಬ್ರಾಹ್ಮಣರಲ್ಲಿ ಆ ಮಾತೇ ಇರಲಿಲ್ಲ. ಅಲ್ಲಿ ಕರೆಯೋಕೆ ಆಳು ಬರಲೇ ಇಲ್ಲ ಅಂದರೆ ಅವಳು ಜೀವಮಾನ ಪೂರ್ತಿ ತವರಿನ ಅಡಿಗೆಮನೆಯಲ್ಲಿ. ಗಂಡ ಇನ್ನೊಂದು ಮದುವೆ ಮಾಡಿಕೊಂಡು ಆರಾಮಾಗಿದ್ದ. ಯಾವ ಕಾಗದವೂ ಇಲ್ಲ, ಯಾವ ಪಂಚಾಯಿತಿಯೂ ಇಲ್ಲ. 'ಅವಳು ತವರಲ್ಲಿದ್ದಾಳೆ' ಅನ್ನೋ ಮಾತಿನ ಕೆಳಗೆ ಒಂದು ಹಬ್ಬದ ಮುನಿಸೂ ಇರಬಹುದು, ನಲವತ್ತು ವರ್ಷದ ಪರಿತ್ಯಾಗವೂ ಇರಬಹುದು. ಮುಚ್ಚಿಡುವ ನೆಪ ಎರಡನ್ನೂ ಒಂದೇ ಥರ ಮುಚ್ಚಿಟ್ಟಿತು.

ಇಲ್ಲಿ ಕಾನೂನು ಬಂತು. ಅದು ಬಂದ ದಾರಿಯೇ ಸ್ವಲ್ಪ ವಿಚಿತ್ರ.

ಬ್ರಿಟಿಷರು ತಮ್ಮ ಚರ್ಚಿನ ಕೋರ್ಟುಗಳಿಂದ ಒಂದು ಪದ್ಧತಿ ತಂದರು. ಬಿಟ್ಟು ಹೋದ ಗಂಡ ಅಥವಾ ಹೆಂಡತಿ ಮತ್ತೆ ಬಂದು ಸಂಸಾರ ಮಾಡಬೇಕು ಅಂತ ಕೋರ್ಟಿನಿಂದ ಆಜ್ಞೆ ತರೋದು. ನಮ್ಮಲ್ಲಿ ಇದನ್ನು ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆ ಅಂತಾರೆ. 1867ರಲ್ಲಿ ಪ್ರಿವಿ ಕೌನ್ಸಿಲ್ ಇದು ಇಂಡಿಯಾದಲ್ಲೂ ನಡೆಯುತ್ತೆ ಅಂತ ಒಪ್ಪಿತು. ಇದರ ದೊಡ್ಡ ಗಲಾಟೆ ಆಗಿದ್ದು ಮುಂಬಯಿಯ ರುಕ್ಮಾಬಾಯಿ ಮೊಕದ್ದಮೆಯಲ್ಲಿ. ಬಾಲ್ಯದಲ್ಲಿ ಮದುವೆಯಾಗಿ ಗಂಡನ ಮನೆಗೆ ಹೋಗದೇ ಇದ್ದ ಅವರ ಮೇಲೆ ಗಂಡ ದಾದಾಜಿ ಭಿಕಾಜಿ 1884ರಲ್ಲಿ ದಾವೆ ಹಾಕಿದ. ಮೊದಲು ಗೆದ್ದ ರುಕ್ಮಾಬಾಯಿ 1887ರಲ್ಲಿ ಸೋತರು. ಗಂಡನ ಮನೆಗೆ ಹೋಗಬೇಕು, ಇಲ್ಲದಿದ್ದರೆ ಆರು ತಿಂಗಳು ಜೈಲು ಅಂತ ತೀರ್ಪು. ಜೈಲಿಗೆ ಹೋಗ್ತೀನಿ, ಅಲ್ಲಿಗೆ ಹೋಗಲ್ಲ ಅಂದರು ಅವರು. ಕಡೆಗೆ 1888ರಲ್ಲಿ ಹಣ ಕೊಟ್ಟು ರಾಜಿಯಾಯ್ತು. ಮುಂದೆ ಇಂಗ್ಲೆಂಡಿನಲ್ಲಿ ಓದಿ ಡಾಕ್ಟರಾಗಿ ಬಂದರು.

ರುಕ್ಮಾಬಾಯಿಯವರದು ಪ್ರೀತಿ ಇದ್ದು ಬೇರೆಯಾದವರ ಕಥೆ ಅಲ್ಲ, ಗೊತ್ತು. ಆದರೂ ಇಲ್ಲಿ ಹೇಳಿದ್ದು ಯಾಕೆ ಅಂದರೆ, ವಾಪಸ್ಸು ಬರೋದನ್ನು ಬಲವಂತ ಮಾಡಿದರೆ ಏನಾಗುತ್ತೆ ಅಂತ ಅದು ತೋರಿಸುತ್ತೆ. ಅಡಿಕೆ ಸುಲಿಯೋಕೆ ಬಾ ಅಂದಾಗ ಬರಲ್ಲ ಅನ್ನೋಕೂ ಅವಳಿಗೆ ದಾರಿ ಇತ್ತು, "ಅಮ್ಮನಿಗೆ ಹುಷಾರಿಲ್ಲ" ಅಂದರೆ ಮುಗೀತು. ಬರಲ್ಲ ಅನ್ನುವ ದಾರಿ ಇದ್ದಿದ್ದಕ್ಕೇ ಬಂದಿದ್ದಕ್ಕೆ ಬೆಲೆ. ಈ ಪದ್ಧತಿಯನ್ನು ಇಂಗ್ಲೆಂಡಿನವರು 1970ರಲ್ಲಿ ಕಾಯಿದೆ ಮಾಡಿ ತೆಗೆದುಹಾಕಿದರು. ನಮ್ಮ 1955ರ ಹಿಂದೂ ವಿವಾಹ ಕಾಯಿದೆಯ 9ನೇ ಸೆಕ್ಷನ್ನಿನಲ್ಲಿ ಮಾತ್ರ ಅದು ಇನ್ನೂ ಇದೆ. 1983ರಲ್ಲಿ ಆಂಧ್ರ ಹೈಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಅಂತು, 1984ರಲ್ಲಿ ಸುಪ್ರೀಂ ಕೋರ್ಟು ಇಲ್ಲ, ಇರಲಿ ಅಂತು.

ಆದರೆ ಅದೇ 1955ರ ಕಾಯಿದೆಯನ್ನು ಪೂರ್ತಿ ಓದಿದರೆ ಒಂದು ಆಶ್ಚರ್ಯ ಕಾದಿದೆ. ಅದು ಬಿಡಿಸೋ ಕಾಯಿದೆ ಅಂತ ನಾವು ತಿಳಿದಿದ್ದೀವಿ. ಅದರ ತುಂಬ ಇರೋದು ಮಾತ್ರ ತಡೆದು ನಿಲ್ಲಿಸೋ ಸೆಕ್ಷನ್ನುಗಳು. ಪೂರ್ತಿ ವಿಚ್ಛೇದನ ಬೇಡ ಅನ್ನುವವರಿಗೆ 10ನೇ ಸೆಕ್ಷನ್ನಿನಲ್ಲಿ ಬೇರೆ ಬೇರೆ ಇರೋಕೆ ಕೋರ್ಟಿನ ಅಪ್ಪಣೆ ಸಿಗುತ್ತೆ, ಮದುವೆ ಹಾಗೇ ಇರುತ್ತೆ, ಮನಸ್ಸು ಬದಲಾದರೆ ಆ ಅಪ್ಪಣೆಯನ್ನು ರದ್ದು ಮಾಡಿಸಿಕೊಂಡು ಮನೆಗೆ ಹೋಗಬಹುದು. ಕೇಳಿದ ಪರಿಹಾರ ಕೊಡುವ ಮೊದಲು ರಾಜಿಗೆ ಪ್ರಯತ್ನ ಮಾಡೋದು ಜಡ್ಜರ ಕೆಲಸ ಅಂತ 23ನೇ ಸೆಕ್ಷನ್ನು ಹೇಳುತ್ತೆ. 1976ರಲ್ಲಿ ಇಬ್ಬರೂ ಒಪ್ಪಿ ಬೇರೆಯಾಗೋ 13ಬಿ ಸೇರಿಸಿದರಲ್ಲ, ಅದರಲ್ಲೂ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳಲ್ಲಿ ಒಬ್ಬರು ಬೇಡ ಅಂದರೂ ಅರ್ಜಿ ನಿಂತುಹೋಗುತ್ತೆ. 1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಬಂದಾಗ ಆಪ್ತ ಸಲಹೆಗಾರರನ್ನೂ ಕೂರಿಸಿದರು.

ಇನ್ನೊಂದು ನನಗೆ ಬಹಳ ಹಿಡಿಸಿದ್ದು. ಗಂಡನೋ ಹೆಂಡತಿಯೋ ಮಾಡಿದ ತಪ್ಪನ್ನು ಕ್ಷಮಿಸಿ ಮತ್ತೆ ಒಟ್ಟಿಗೆ ಸಂಸಾರ ಮಾಡಿದ್ದರೆ, ಆಮೇಲೆ ಅದೇ ಹಳೇ ತಪ್ಪನ್ನು ಹಿಡಿದು ವಿಚ್ಛೇದನ ಕೇಳೋ ಹಾಗಿಲ್ಲ. 1975ರಲ್ಲಿ ದಾಸ್ತಾನೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿತು. ಹೆಂಡತಿಯ ನಡತೆ ಕ್ರೌರ್ಯ ಅಂತ ಒಪ್ಪಿಕೊಂಡಿತು, ಆದರೆ ಅದಾದ ಮೇಲೂ ಗಂಡ ಸಂಸಾರ ಮಾಡಿದ್ದಾನೆ, ಅಂದರೆ ಕ್ಷಮಿಸಿದ್ದಾನೆ, ಹಾಗಾಗಿ ಬೇರೆ ಬೇರೆ ಇರೋಕೆ ಅವನು ಕೇಳಿದ ಅಪ್ಪಣೆ ಇಲ್ಲ ಅಂತು. ಜೊತೆಗೆ ಇನ್ನೊಂದು ಮಾತೂ ಸೇರಿಸಿತು. ಆ ಕ್ಷಮೆಗೆ ಷರತ್ತು ಇರುತ್ತೆ, ಮುಂದೆ ಮತ್ತೆ ದೊಡ್ಡ ತಪ್ಪು ಮಾಡಿದರೆ ಹಳೆಯದೂ ಜೀವ ಪಡೆಯುತ್ತೆ ಅಂತ. ಹೋಗಿ ಬಂದು ಮಾಡುವವರ ಮನಸ್ಸನ್ನು ಇಷ್ಟು ಸರಿಯಾಗಿ ಬಲ್ಲ ಮಾತನ್ನ ನಾನು ಕಥೆ ಕಾದಂಬರಿಗಳಲ್ಲೂ ಹೆಚ್ಚು ಓದಿಲ್ಲ. ಕ್ಷಮಿಸಿದ್ದು ನಿಜ. ಮರೆತಿಲ್ಲ ಅನ್ನೋದೂ ನಿಜ.

ಅಂದರೆ ಕಾಯಿದೆಯೂ ತನ್ನದೇ ಆದ ಆಷಾಢ, ತನ್ನದೇ ಆದ ಕೊನೆಕೊಯ್ಲು ಇಟ್ಟುಕೊಂಡಿದೆ. ಒಂದು ವರ್ಷ, ಆರು ತಿಂಗಳು. ಆದರೆ ನೆಪಕ್ಕೂ ಗಡುವಿಗೂ ವ್ಯತ್ಯಾಸ ಇದೆ. ತವರಿಗೆ ಹೋದವಳು ಬಾಯಿಬಿಟ್ಟು ಏನೂ ಹೇಳಿರಲಿಲ್ಲ, ಹಾಗಾಗಿ ಹಿಂತೆಗೆದುಕೊಳ್ಳೋಕೂ ಏನಿರಲಿಲ್ಲ. ಅರ್ಜಿ ಹಾಕಿದವರು ಎಲ್ಲವನ್ನೂ ಬರೆದು ಸಹಿ ಹಾಕಿರುತ್ತಾರೆ. ಎಷ್ಟೋ ಜನರಿಗೆ ಆ ಆರು ತಿಂಗಳು ಬರೀ ಹಿಂಸೆ. 2017ರಲ್ಲಿ ಸುಪ್ರೀಂ ಕೋರ್ಟು ಕೂಡುವ ಆಸೆಯೇ ಇಲ್ಲದಿದ್ದರೆ ಆರು ತಿಂಗಳ ಕಾಯುವಿಕೆಯನ್ನು ಬಿಟ್ಟುಕೊಡಬಹುದು ಅಂತು. 2023ರಲ್ಲಿ, ಸರಿಹೋಗದ ಹಾಗೆ ಮುರಿದ ಮದುವೆಯನ್ನು ತಾನೇ ನೇರವಾಗಿ ಬಿಡಿಸಬಲ್ಲೆ ಅಂತು. ಎರಡೂ ನ್ಯಾಯವೇ. ಸತ್ತ ಮದುವೆಯೊಳಗೆ ಯಾರನ್ನೂ ಕೂಡಿಹಾಕಬಾರದು. ಸತ್ತಿಲ್ಲದ ಮದುವೆಗಳ ಪಾಡು ಏನು ಅನ್ನೋದಷ್ಟೇ ನನ್ನ ಚಿಂತೆ.

ಹೊರಗಿನ ಲೋಕದಲ್ಲೂ ಇದು ಇದೆ. ರಿಚರ್ಡ್ ಬರ್ಟನ್ ಮತ್ತು ಎಲಿಜಬೆತ್ ಟೇಲರ್ ಜೋಡಿ ಗೊತ್ತಲ್ಲ. 1964ರಲ್ಲಿ ಮದುವೆ, 1974ರಲ್ಲಿ ವಿಚ್ಛೇದನ, 1975ರಲ್ಲಿ ಬೋಟ್ಸ್ವಾನಾದಲ್ಲಿ ಮತ್ತೆ ಮದುವೆ, 1976ರಲ್ಲಿ ಮತ್ತೆ ವಿಚ್ಛೇದನ. ಅವರಿಗೆ ದುಡ್ಡು, ವಕೀಲರು, ವಿಮಾನ ಎಲ್ಲಾ ಇತ್ತು. ಆದರೆ ಪ್ರತಿ ಸಲ ಹೋಗಿದ್ದೂ ಬಂದಿದ್ದೂ ಜಗತ್ತಿನ ಪತ್ರಿಕೆಗಳಲ್ಲಿ ಬರ್ತಿತ್ತು. ಹಿತ್ತಲ ಬಾಗಿಲು ಅವರಿಗೆ ಇರಲೇ ಇಲ್ಲ. ಅಂಗಳದಲ್ಲೇ ಹೋಗಬೇಕು, ಅಂಗಳದಲ್ಲೇ ಬರಬೇಕು, ಸುತ್ತ ಕ್ಯಾಮೆರಾ.

ಈಗ ನಾವೆಲ್ಲ ಸ್ವಲ್ಪ ಸ್ವಲ್ಪ ಹಾಗೇ ಆಗಿದ್ದೀವಿ. ಬೆಂಗಳೂರಿನಲ್ಲಿರೋ ನನ್ನ ಇಬ್ಬರು ಸ್ನೇಹಿತರು ಮೂರನೇ ಸಲ ಬೇರೆಯಾಗಿದ್ದಾರೆ. ಇಬ್ಬರೂ ನನಗೆ ಬೇಕಾದವರು, ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಬೇರೆ ಯಾರನ್ನೂ ನೋಡಿದವರಲ್ಲ. ಮೊದಲ ಸಲ ಬೇರೆಯಾದಾಗಲೇ ಎಲ್ಲರಿಗೂ ಹೇಳಿದರು, ಫೋಟೋ ತೆಗೆದರು, ಮನೆ ಖಾಲಿ ಮಾಡಿದರು, ಸಾಮಾನು ಹಂಚಿಕೊಂಡರು. ಮತ್ತೆ ಕೂಡಿದಾಗ ಅದನ್ನೂ ಎಲ್ಲರಿಗೂ ವಿವರಿಸಬೇಕಾಯ್ತು. ಯಾಕೆ ಹೋದ್ರಿ, ಯಾಕೆ ಬಂದ್ರಿ, ಈ ಸಲ ಏನು ಬದಲಾಗಿದೆ, ಗ್ಯಾರಂಟಿ ಏನು? ಉತ್ತರ ಕೊಡೋಕೆ ಆಗದೆ ಮತ್ತೆ ಜಗಳ. "ನಮಗೆ ಜಗಳಕ್ಕಿಂತ ಅದನ್ನು ವಿವರಿಸೋದೇ ಸುಸ್ತು ಕಣೋ" ಅಂತ ಅವನು ಒಂದಿನ ಅಂದ. ಅವಳೂ ಬೇರೆ ಮಾತಲ್ಲಿ ಅದನ್ನೇ ಅಂದಳು. ಅವರಿಗೆ ಆಷಾಢ ಇಲ್ಲ, ಅಡಿಕೆ ಇಲ್ಲ, ಮದ್ದಿನ ಮೇಲೆ ನಂಬಿಕೆ ಇಲ್ಲ. ಇರೋದು ಬರೀ 'ನಿರ್ಧಾರ'. ಪ್ರತಿ ಸಲವೂ ನಿರ್ಧಾರ ಮಾಡಬೇಕು, ಅದಕ್ಕೆ ಕಾರಣ ಕೊಡಬೇಕು, ಕಾರಣ ಸುಳ್ಳಾದರೆ ತಾವೇ ಸುಳ್ಳರಾಗಬೇಕು.

ಅವರಿಗೆ ಬುದ್ಧಿ ಹೇಳೋಕೆ ನಾನು ಯಾರೂ ಅಲ್ಲ. ಆದರೆ ಅವರ ಸುತ್ತ ಇರೋ ನಾವು ಒಂದು ಕೆಲಸ ಮಾಡಬಹುದು ಅನ್ನಿಸುತ್ತೆ. ಕೇಳದೇ ಇರೋದು. ಹಳೇ ಕಾಲದ ಅತ್ತೆ "ಹೊಳೆ ಇಳಿದಿಲ್ಲ" ಅಂತ ಸೊಸೆಯ ಮರ್ಯಾದೆ ಕಾದಳಲ್ಲ, ಆ ಥರ. ಹೊಡೆತ ಬಡಿತ ಇರೋ ಮನೆಗೆ ಈ ಮಾತು ಸಲ್ಲದು. ಅಲ್ಲಿ ಕೇಳಲೇಬೇಕು, ಗಟ್ಟಿಯಾಗಿ ಕೇಳಬೇಕು, ಅವಳು ಬಂದರೆ ಬಾಗಿಲು ತೆಗೆದು ಒಳಗೆ ಕರಕೊಳ್ಳಬೇಕು, ಮತ್ತೆ ಅಲ್ಲಿಗೇ ಅಟ್ಟಬಾರದು. ನಮ್ಮ ಹಿರಿಯರು ಎಡವಿದ್ದು ಅಲ್ಲೇ, ಎರಡಕ್ಕೂ ಒಂದೇ ನೆಪದ ಸೆರಗು ಹೊದಿಸಿದರು. ಬರೀ ಮುನಿಸು, ಬರೀ ಹಟ, ಬರೀ ಎರಡು ಒಳ್ಳೇ ಮನಸ್ಸುಗಳ ತಿಕ್ಕಾಟ ಇರೋ ಕಡೆ ಮಾತ್ರ ಒಂದು ಹಿತ್ತಲ ಬಾಗಿಲು ತೆರೆದಿರಲಿ ಅನ್ನೋದು ನನ್ನ ಮಾತು. ಮತ್ತೆ, ಆ ಬಾಗಿಲು ತೆಗೆಯೋಕೆ ಯಾವ ಕಲಾವತಿಯನ್ನೂ ಬಲಿ ಕೊಡೋದು ಬೇಡ.

ಚೆನ್ನಮ್ಮನಿಗೆ ಕಡೆಗೆ ಏನು ಸಿಕ್ಕಿತು? ಗಂಡ ಬರಲಿಲ್ಲ. ರಾಜ್ಯ ಉಳಿಯಿತು. ದತ್ತುಮಗ ಬಸಪ್ಪ, ಅಂದರೆ ಬಸವಪ್ಪ ನಾಯಕ, ಅವಳ ನಂತರ ಪಟ್ಟಕ್ಕೆ ಬಂದು 1709ರಲ್ಲಿ 'ಶಿವತತ್ತ್ವರತ್ನಾಕರ' ಅನ್ನೋ ದೊಡ್ಡ ಸಂಸ್ಕೃತ ಗ್ರಂಥ ಬರೆದ. ಅಪ್ಪ ಮಗನಿಗೆ ಲೋಕದ ವಿದ್ಯೆಗಳನ್ನೆಲ್ಲ ಹೇಳಿಕೊಡುವ ರೀತಿಯಲ್ಲಿದೆ ಅದು. ಆ ಮಗನ ಹೆಸರು ಸೋಮಶೇಖರ. ಮುಂದೆ ಅವನು 1714ರಿಂದ ಎರಡನೇ ಸೋಮಶೇಖರ ನಾಯಕನಾಗಿ ಆಳಿದ.

ಅಜ್ಜನ ಹೆಸರು ಮೊಮ್ಮಗನಿಗೆ ಇಡೋದು ನಮ್ಮಲ್ಲಿ ವಾಡಿಕೆ, ಅದರಲ್ಲಿ ದೊಡ್ಡ ವಿಶೇಷ ಏನಿಲ್ಲ ಅನ್ನಬಹುದು. ಆದರೆ ಅರಮನೆ ಬಿಟ್ಟು ಹೋಗಿ, ರಾಜ್ಯವನ್ನೇ ಆಪತ್ತಿಗೆ ನೂಕಿದವನ ಹೆಸರು ಅದು. ಚೆನ್ನಮ್ಮ ತನ್ನ ಕೈಯಾರೆ ಸಾಕಿದ ಮಗ, ತಾನು ಹೆರದ ಮಗ, ಆ ಹೆಸರನ್ನು ತನ್ನ ಮಗುವಿಗೆ ಇಟ್ಟು ಕರೆದ. ಅಂಥ ಹೆಸರು ಇಡಬೇಕಾದರೆ ಆ ಮನೆಯಲ್ಲಿ ಸೋಮಶೇಖರನನ್ನು ಯಾವ ದನಿಯಲ್ಲಿ ನೆನೆಯುತ್ತಿದ್ದಿರಬೇಕು ಅಂತ ಯೋಚಿಸ್ತೀನಿ. ಬೈದುಕೊಂಡಂತೂ ಅಲ್ಲ.

ನಿಮ್ಮ ಕಡೆ ಇಂಥ ನೆಪಗಳು ಏನೇನಿದ್ದವು? ಬಯಲುಸೀಮೆಯವರು, ಕರಾವಳಿಯವರು, ಗಟ್ಟದ ಕೆಳಗಿನವರು, ನಿಮ್ಮ ಅಜ್ಜಿಯರನ್ನು ಕೇಳಿ ಬರೆಯಿರಿ. ಹೆಸರು ಬೇಡ, ನೆಪ ಸಾಕು.